ಹಿತ್ತಲಿನಲ್ಲಿ ಮೂವತ್ತು ನಲವತ್ತು

ಅಡಿಲೇಡಿನ ಬ್ಲೇರ್ ಅಥಾಲ್ ಬಡಾವಣೆಯ ನಮ್ಮ ಬಾಡಿಗೆ ಮನೆಯ ಹಿತ್ತಲಿನಲ್ಲಿ ಇನ್ನೊಂದು ಮನೆಯಿತ್ತು. ಅದಕ್ಕೆ ಗೋಡೆ, ಸೂರು, ಬಾಗಿಲು ಯಾವುದೂ ಇರಲಿಲ್ಲ. ಹುಲ್ಲಿನ ಮೇಲೆ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಬಿಳಿ ನೈಲಾನ್ ದಾರ ಎಳೆದು ಅಮ್ಮ ಕಟ್ಟಿದ ಮನೆ ಅದು. ಅಗಲ ಮೂವತ್ತು ಅಡಿ, ಉದ್ದ ನಲವತ್ತು ಅಡಿ. ನಾನೂ ತಮ್ಮ ನಿಖಿಲನೂ ಅಡಿಲೇಡಿನಲ್ಲಿ ಬೆಳೆದವರು. ಯಾವ ಮನೆಯಲ್ಲಿ ಬೆಳೆದಿರಿ ಎಂದು ಯಾರಾದರೂ ಕೇಳಿದರೆ, ಎರಡರಲ್ಲಿ ಯಾವುದನ್ನು ಹೇಳಬೇಕೆಂದು ಈಗಲೂ ಒಂದು ಕ್ಷಣ ಯೋಚಿಸುತ್ತೇನೆ.

ಬಾಡಿಗೆ ಮನೆ ಕೆಂಪು ಇಟ್ಟಿಗೆಯದು. ಮುಂದೆ ಸಣ್ಣ ವರಾಂಡ, ಒಳಗೆ ಓಣಿಯಂಥ ಉದ್ದನೆಯ ಹಾದಿ, ಅದರ ಎರಡು ಬದಿಗೆ ಕೋಣೆಗಳು, ಕೊನೆಯಲ್ಲಿ ಅಡುಗೆಮನೆ. ಕರಾರಿನ ಪ್ರಕಾರ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಹಾಗಾಗಿ ದೇವರು ಟವೆಲ್ ಇಡುವ ಕಪಾಟಿನಲ್ಲಿದ್ದರು. ತಾತನ ಫೋಟೋ ಫ್ರಿಡ್ಜಿನ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಫ್ರಿಡ್ಜ್ ನಡುಗಿದಾಗೆಲ್ಲ ತಾತ ಒಂದಿಷ್ಟು ಜಾರುತ್ತಿದ್ದರು, ಅಮ್ಮ ಮತ್ತೆ ನೆಟ್ಟಗೆ ನಿಲ್ಲಿಸುತ್ತಿದ್ದಳು. ಒಗ್ಗರಣೆಗೆ ಸಾಸಿವೆ ಸಿಡಿದರೆ ಹಾದಿಯ ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಕೂಗಿಕೊಳ್ಳುತ್ತಿತ್ತು. ಅಪ್ಪ ಒದ್ದೆ ಟವೆಲ್ ಹಿಡಿದು ಅದರ ಕೆಳಗೆ ನಿಂತು ಗಾಳಿ ಬೀಸುವುದು ಊಟಕ್ಕೆ ಮುಂಚಿನ ಒಂದು ಶಾಸ್ತ್ರವೇ ಆಗಿಹೋಗಿತ್ತು. ಸಾರು ಇಳಿಯಿತೆಂದು ನಮಗೆ ತಿಳಿಯುತ್ತಿದ್ದುದು ವಾಸನೆಯಿಂದಲ್ಲ, ಅಲಾರಂನಿಂದ. ಕೆಲವು ತಿಂಗಳಿಗೊಮ್ಮೆ ಮಾಲೀಕರ ಕಡೆಯ ಏಜೆಂಟ್ ತಪಾಸಣೆಗೆ ಬರುವ ದಿನ ದೇವರ ಮುಂದೆ ಟವೆಲ್‌ಗಳನ್ನು ಜೋಡಿಸಿಟ್ಟು, ಕಿಟಕಿಗಳನ್ನೆಲ್ಲ ತೆರೆದು, ಒಲೆ ಹಚ್ಚದೆ ಮೊಸರನ್ನ ತಿಂದುಕೊಂಡು ಇರುತ್ತಿದ್ದೆವು. ಯಾರೂ ಇಲ್ಲಿ ವಾಸವಾಗಿಲ್ಲವೇನೋ ಅನ್ನುವಷ್ಟು ಚೊಕ್ಕಟವಾಗಿ ಮನೆ ತೋರಬೇಕು ಎಂಬುದು ಅಮ್ಮನ ಎಣಿಕೆ. ಅದು ಅವಳಿಗೆ ಕಷ್ಟವೂ ಆಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ವಾಸವಾಗಿದ್ದೇವೆ ಎಂದು ಅವಳು ಪೂರ್ತಿ ಒಪ್ಪಿಕೊಂಡಿರಲಿಲ್ಲ.

ಅವಳ ಮಂಚದ ಕೆಳಗೆ ಒಂದು ಕಬ್ಬಿಣದ ಟ್ರಂಕ್ ಇತ್ತು. ಅದರೊಳಗೆ ಹಳೇ ಸೀರೆಯಲ್ಲಿ ಸುತ್ತಿದ ಹಿತ್ತಾಳೆಯ ಬಾಗಿಲ ಹಿಡಿಗಳು, ಚಿಲಕಗಳು, ತೂಗುಮಂಚದ ಸರಪಳಿ, ಇನ್ನೂ ಹೊಲಿಯದ ಪರದೆ ಬಟ್ಟೆ. ಏನು ಕೇಳಿದರೂ ‘ಅದು ಆ ಮನೆಗೆ’ ಎನ್ನುತ್ತಿದ್ದಳು. ಆ ಮನೆ ಎಂದರೆ ಮೈಸೂರಿನ ಅಂಚಿನ ಒಂದು ಬಡಾವಣೆಯಲ್ಲಿ, ಮೇಷ್ಟರಾಗಿದ್ದ ತಾತ ತಮ್ಮ ಮಗಳ ಹೆಸರಿಗೇ ಮಾಡಿಸಿಕೊಟ್ಟಿದ್ದ ಮೂವತ್ತು ನಲವತ್ತರ ಸೈಟು. ಅದರ ಮೇಲೆ ಮನೆ ಎದ್ದಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಕೆಲವು ವರ್ಷ ದುಡಿದು, ಹೋಗಿ ಮನೆ ಕಟ್ಟುವುದು ಎಂಬ ಮಾತಿನ ಮೇಲೆ ಅಮ್ಮ ವಿಮಾನ ಹತ್ತಿದ್ದಳು. ಅಪ್ಪನಿಗೆ ಅಡಿಲೇಡ್ ಹಿಡಿಸಿಬಿಟ್ಟಿತು. ಸೈಟು ಮಾರಿ ಅಡಿಲೇಡಿನದೇ ಮಾಡ್ಬರಿಯಲ್ಲಿ, ಆಸ್ಪತ್ರೆಯೂ ಅಂಗಡಿಗಳೂ ಕೈಗೆಟುಕುವ ಕಡೆ, ಸ್ವಂತ ಮನೆ ತೆಗೆದುಕೊಳ್ಳೋಣ ಎಂದು ಅವರು ಹೇಳತೊಡಗಿದಾಗ ನನಗೆ ಏಳೆಂಟು ವರ್ಷ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿದ್ದದ್ದು ಇದೊಂದೇ ಪ್ರಶ್ನೆ: ಆ ಮನೆಯೋ, ಇಲ್ಲಿನ ಮನೆಯೋ. ಸೈಟು ಅಮ್ಮನ ಹೆಸರಿನಲ್ಲಿದ್ದುದರಿಂದ ಉತ್ತರವೂ ಅವಳೇ ಹೇಳಬೇಕಿತ್ತು. ಅವಳು ಹೇಳುತ್ತಿರಲಿಲ್ಲ.

ದಾರದ ಮನೆ ಎದ್ದದ್ದು ಅಂಥ ಒಂದು ಜಗಳದ ಮಾರನೆಯ ದಿನ. ಮಕ್ಕಳಿಗೆ ಆ ಮನೆ ಹೇಗಿರುತ್ತದೆ ಅನ್ನುವುದೇ ಗೊತ್ತಿಲ್ಲ, ಅದಕ್ಕೇ ಅವರಿಗೆ ಅದರ ಮೇಲೆ ಆಸೆಯಿಲ್ಲ ಎಂದು ಅಮ್ಮ ತೀರ್ಮಾನಿಸಿದ್ದಳು. ಊರಲ್ಲಿ ಪಾಯ ತೆಗೆಯುವ ಮುಂಚೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದನ್ನು ನೋಡಿದ್ದವಳು, ಸುಣ್ಣದ ಬದಲು ದಾರ ತಂದಳು. ಅಪ್ಪನ ಅಳತೆ ಟೇಪು ಹಿಡಿಯಲು ಅಪ್ಪನೇ ಬೇಕಾಯಿತು. ಹಿಂದಿನ ದಿನದ ಸಿಟ್ಟು ಇಳಿಯದಿದ್ದರೂ ಬಂದು ಒಂದು ತುದಿ ಹಿಡಿದು ನಿಂತರು. ಬಾಗಿಲು, ಹಾಲು, ದೇವರ ಕೋಣೆ, ಎರಡು ರೂಮು, ಆಗ್ನೇಯದಲ್ಲಿ ಅಡುಗೆಮನೆ, ಅದಕ್ಕೆ ತಾಗಿದ ಸಣ್ಣ ಉಗ್ರಾಣ. ಹಿತ್ತಲಿನ ನಡುವೆ ಛತ್ರಿಯ ಕಡ್ಡಿಗಳಂತೆ ಕೈ ಚಾಚಿ ನಿಂತಿದ್ದ ಬಟ್ಟೆ ಒಣಹಾಕುವ ಕಂಬ ಸರಿಯಾಗಿ ಹಾಲಿನ ಮಧ್ಯಕ್ಕೆ ಬಂತು. ತೂಗುಮಂಚದ ಬದಲು ಇದೇ ಇರಲಿ ಎಂದು ಅಪ್ಪ ಕುಟುಕಿದರು. ಆಮೇಲೆ ಎಂಜಿನಿಯರ್ ಆದದ್ದಕ್ಕೆ ಸುಮ್ಮನಿರಲಾರದೆ ಇನ್ನೊಂದು ಮಾತು ತೆಗೆದರು.

“ವಸೂ, ಇಲ್ಲಿ ಸೂರ್ಯ ಉತ್ತರದಲ್ಲಿ ಓಡಾಡ್ತಾನೆ. ನಿನ್ನ ಹಾಲಿಗೆ ಬಿಸಿಲೇ ಬರಲ್ಲ ನೋಡು.”

“ಅವನು ಇಲ್ಲಿ ಎಲ್ಲಿ ಬೇಕಾದ್ರೂ ಓಡಾಡ್ಕೊಳ್ಳಲಿ ಬಿಡಿ. ಮನೆ ಇರೋದು ಮೈಸೂರಲ್ಲಿ.”

ನಾವಿಬ್ಬರು ಮಕ್ಕಳು ಆ ಮನೆಯೊಳಗೆ ಆಡಿದೆವು. ದಾರ ದಾಟಬಾರದು, ಬಾಗಿಲಿಂದಲೇ ಹೋಗಬೇಕು ಎಂಬುದು ನಿಯಮ. ನಿಖಿಲ್ ಅಡುಗೆಮನೆಯಲ್ಲಿ ಕೂತು ಮಣ್ಣಿನ ದೋಸೆ ಹುಯ್ಯುತ್ತಿದ್ದ. ಅಪ್ಪ ಹುಲ್ಲು ಕತ್ತರಿಸುವಾಗ ಯಂತ್ರ ದಾರದ ಹತ್ತಿರ ಹೋಗುತ್ತಿರಲಿಲ್ಲ. ಹಾಗಾಗಿ ದಾರದ ಉದ್ದಕ್ಕೂ ಒಂದು ಗೇಣು ಹುಲ್ಲು ಎದ್ದು ನಿಂತು, ಗೋಡೆಗಳು ಬೆಳೆಯುತ್ತಿರುವಂತೆ ಕಾಣುತ್ತಿತ್ತು. ತಪಾಸಣೆಯ ದಿನ ದಾರ ಸುತ್ತಿಟ್ಟರೂ ಹುಲ್ಲಿನ ಮನೆ ಹಾಗೇ ಉಳಿದಿತ್ತು. ಏಜೆಂಟ್ ಹೆಂಗಸು ಕಿಟಕಿಯಿಂದ ಅದನ್ನು ನೋಡಿ ಏನೆಂದು ಕೇಳಿದಾಗ ಅಮ್ಮ ತರಕಾರಿ ಪಾತಿ ಎಂದಳು. ಇಷ್ಟು ಚೌಕವಾದ ಪಾತಿಗಳನ್ನು ಆಕೆ ನೋಡಿಯೇ ಇರಲಿಲ್ಲವಂತೆ.

ಇನ್ನು ಶನಿವಾರಗಳ ವಿಷಯ. ಅಪ್ಪನ ಕೆಲಸ ಗೋಧಿ ತುಂಬಿಡುವ ಎತ್ತರದ ಸೈಲೋಗಳ ಬೆಲ್ಟು, ಮೋಟಾರು ನೋಡಿಕೊಳ್ಳುವುದು. ಸುಗ್ಗಿ ಹತ್ತಿರವಾದಾಗ ಶನಿವಾರಗಳಲ್ಲೂ ಉತ್ತರಕ್ಕೆ ಒಂದೆರಡು ಗಂಟೆ ದಾರಿಯ ಟ್ಯಾಲೋ ಕ್ರೀಕ್ ಎಂಬ ಚಿಕ್ಕ ಊರಿಗೆ ಹೋಗಬೇಕಾಗುತ್ತಿತ್ತು. ಇದ್ದದ್ದು ಒಂದೇ ಕಾರು. ಮನೆಯಲ್ಲಿ ಕೂತು ಏನು ಮಾಡುವುದೆಂದು ನಾವೂ ಹೊರಡುತ್ತಿದ್ದೆವು. ಅಮ್ಮ ಪುಳಿಯೋಗರೆ ಕಟ್ಟಿಕೊಳ್ಳುತ್ತಿದ್ದಳು. ಅಪ್ಪ ರೈಲು ಹಳಿಯ ಆಚೆಗಿನ ಸೈಲೋ ಕಡೆ ಹೋದರೆ, ಹಳಿಯ ಈಚೆಗಿನ ಒಂದೇ ಬೀದಿಯಲ್ಲಿ ನಾವು ಮೂವರು ಅಡ್ಡಾಡುವುದು. ಅಗಲವಾದ ಬೀದಿ, ಒಂದು ಬೇಕರಿ, ಒಂದು ಪಬ್ಬು, ಒಂದು ಪೆಟ್ರೋಲ್ ಬಂಕು, ತುದಿಯಲ್ಲಿ ಒಂದು ಹಳೆಯ ಅಂಚೆ ಕಟ್ಟಡ. ಉಳಿದದ್ದು ಒಣಹುಲ್ಲಿನ ಖಾಲಿ ಜಾಗಗಳು. ಪ್ರತಿ ಖಾಲಿ ಜಾಗದ ಮುಂದೆ, ರಸ್ತೆಯ ಅಂಚಿನಲ್ಲಿ, ಮೊಣಕಾಲೆತ್ತರದ ಒಂದು ಸಿಮೆಂಟಿನ ಕಲ್ಲು. ಕಲ್ಲಿನ ಮೇಲೆ ಲೋಹದ ಒಂದು ಚಿಕ್ಕ ಫಲಕ. ಇಸವಿ ಇಲ್ಲ, ವಿವರ ಇಲ್ಲ. ಇದು ಕಮ್ಮಾರಸಾಲೆಯ ಸೈಟ್, ಇದು ಹಿಟ್ಟಿನ ಗಿರಣಿಯ ಸೈಟ್, ಇದು ಶಾಲೆಯ ಸೈಟ್ ಎಂದು ಇಂಗ್ಲಿಷಿನಲ್ಲಿ ಕೊರೆದಿರುವುದು, ಅಷ್ಟೆ.

ಮೈಸೂರು, ಬೆಂಗಳೂರು ಕಂಡವರಿಗೆ ಅಮ್ಮ ಏನು ಅರ್ಥಮಾಡಿಕೊಂಡಳೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಸೈಟ್ ಎಂದರೆ ಇನ್ನೂ ಕಟ್ಟದ ಜಾಗ. ಹೊಸ ಬಡಾವಣೆಯಲ್ಲಿ ಕಲ್ಲು ನೆಟ್ಟು, ಇದು ಶಾಲೆಗೆ, ಇದು ಉದ್ಯಾನಕ್ಕೆ, ಇದು ಅಂಚೆ ಕಚೇರಿಗೆ ಎಂದು ಫಲಕ ಹಾಕಿ ಜಾಗ ಬಿಟ್ಟಿರುತ್ತಾರೆ. ಟ್ಯಾಲೋ ಕ್ರೀಕ್ ಈಗಷ್ಟೇ ಬಡಾವಣೆ ಮಾಡುತ್ತಿರುವ ಊರು ಎಂದು ಅಮ್ಮ ತಿಳಿದಳು. ನನಗೂ ಹಾಗೆಯೇ ಹೇಳಿಕೊಟ್ಟಳು. ಇಷ್ಟು ಜಾಗ ಶಾಲೆಗೇ ಬಿಟ್ಟಿದ್ದಾರಲ್ಲ ಎಂದು ಮೆಚ್ಚಿದಳು. ಗಿರಣಿ ಊರ ಮಧ್ಯೆ ಬೇಡವಾಗಿತ್ತು, ಧೂಳು, ಎಂದು ಟೀಕೆಯನ್ನೂ ಮಾಡಿದಳು. ಅಡಿಲೇಡಿಗೆ ಬಂದ ಮೇಲೆ ಅವಳಿಗೆ ಅಷ್ಟು ಹಿಡಿಸಿದ ಜಾಗ ಇನ್ನೊಂದಿರಲಿಲ್ಲ. ಊರಿಗೆ ಊರೇ ಅವಳ ಹಾಗೆ ಮನೆ ಕಟ್ಟಲು ಕಾದು ಕೂತಿತ್ತು. ಕಾರಿನಲ್ಲಿ ಮರಳುವಾಗ ಇದನ್ನೆಲ್ಲ ಅಪ್ಪನಿಗೆ ವಿವರಿಸುತ್ತಿದ್ದಳು. ಅವರು ದಣಿದವರು, ದಾರಿಯಲ್ಲಿ ಕಾಂಗರೂ ಅಡ್ಡ ಬಂದೀತೆಂಬ ಎಚ್ಚರದಲ್ಲಿ ಹೂಂಗುಟ್ಟುತ್ತಿದ್ದರು.

ಅಮ್ಮ ಮೈಸೂರಿನಲ್ಲಿ ಸಮಾಜ ಪಾಠ ಹೇಳುತ್ತಿದ್ದವಳು. ಅಡಿಲೇಡಿನಲ್ಲಿ ಮಾಡ್ಬರಿಯ ದೊಡ್ಡ ಶಾಪಿಂಗ್ ಸೆಂಟರಿನ ಒಂದು ಬಟ್ಟೆ ಅಂಗಡಿಯಲ್ಲಿ ಸಂಜೆ ಪಾಳಿ. ಹಾಗಾಗಿ ಶನಿವಾರದ ಬೀದಿಯೇ ಅವಳ ತರಗತಿ. ಪ್ರತಿ ಕಲ್ಲನ್ನೂ ನಾನು ಗಟ್ಟಿಯಾಗಿ ಓದಬೇಕು, ಆಮೇಲೆ ಬೆಂಚಿನ ಮೇಲೆ ಪುಳಿಯೋಗರೆ ತಿನ್ನುತ್ತಾ ಏನು ಓದಿದೆ ಎನ್ನುವುದನ್ನು ಕನ್ನಡದಲ್ಲಿ ಒಪ್ಪಿಸಬೇಕು. ನಾನು ಸುಮ್ಮನೆ ಒಪ್ಪಿಸುವವಳಲ್ಲ. ಕಮ್ಮಾರಸಾಲೆಯಲ್ಲಿ ಒಂದು ಕಪ್ಪು ಕುದುರೆ ಇರುತ್ತದೆ, ಶಾಲೆಗೆ ನೀಲಿ ಬಾಗಿಲು ಇರುತ್ತದೆ ಎಂದೆಲ್ಲ ಸೇರಿಸುತ್ತಿದ್ದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, ಕೈಗೆ ಅಂಟಿದ ಅನ್ನವನ್ನು ಬಿಡಿಸಿಕೊಳ್ಳುತ್ತಾ ಒಂದೇ ಮಾತು ಕೇಳುತ್ತಿದ್ದಳು.

“ಕಲ್ಲಲ್ಲಿ ಇದ್ದಿದ್ದೆಷ್ಟು, ನೀನು ಸೇರ್ಸಿದ್ದೆಷ್ಟು?”

ಬೈಗುಳವಲ್ಲ ಅದು, ಸೇರಿಸಬಾರದೆಂಬ ಅಪ್ಪಣೆಯೂ ಅಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿರಬೇಕು ಎಂಬುದು ಅವಳ ಪಾಠ. ಈಗ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಸುದ್ದಿಮನೆಯಲ್ಲಿ ಬೇರೆಯವರು ಬರೆದ ವರದಿಗಳನ್ನು ತಿದ್ದುವುದು ನನ್ನ ಕೆಲಸ. ಯಾವ ವರದಿ ಮುಂದೆ ಬಂದರೂ ನಾನು ಮೊದಲು ಮಾಡುವುದು ಇದನ್ನೇ. ಬೆಂಚು, ಬಿಸಿಲು, ಹುಣಸೆಯ ವಾಸನೆ ಜೊತೆಗೇ ಬರುತ್ತವೆ. ನಿಖಿಲ್ ಮಾತ್ರ ಈ ಪರೀಕ್ಷೆಗೆ ಸಿಕ್ಕುತ್ತಿರಲಿಲ್ಲ. ಅವನು ತುಂಬ ಚಿಕ್ಕವ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದು ಪದದ ಉತ್ತರ ಕೊಟ್ಟು ಮುಗಿಸುತ್ತಿದ್ದ.

ಹೀಗೆ ಒಂದು ಸುಗ್ಗಿಯ ಬಹುಭಾಗ ಕಳೆಯಿತು. ಬೀದಿಯ ತುದಿಯ ಆ ಅಂಚೆ ಕಟ್ಟಡವನ್ನು ಶನಿವಾರ ಬೆಳಿಗ್ಗೆ ತೆರೆದು ಕೂರುತ್ತಿದ್ದ ಒಬ್ಬ ವಯಸ್ಸಾದ ಹೆಂಗಸಿದ್ದರು, ಮಾರ್ಜ್ ಎಂದು. ಊರಿನ ಹಳೆಯ ಫೋಟೋ, ನೇಗಿಲು, ಹಾಲಿನ ಕ್ಯಾನುಗಳನ್ನು ಅಲ್ಲಿ ಜೋಡಿಸಿಟ್ಟಿದ್ದರು; ನಾವು ಅದನ್ನು ಹಳೇ ಸಾಮಾನಿನ ಅಂಗಡಿ ಎಂದುಕೊಂಡಿದ್ದೆವು. ಅಮ್ಮ ನಮಗೆ ‘ಮಾರ್ಜ್ ಆಂಟಿ ಅನ್ನಿ’ ಎಂದು ಹೇಳಿಕೊಟ್ಟಿದ್ದಳು. ಹಾಗೆ ಕರೆಸಿಕೊಳ್ಳಲು ಅವರಿಗೆ ಖುಷಿ. ಒಂದು ಶನಿವಾರ ಮಾರ್ಜ್ ಬಾಗಿಲಲ್ಲಿ ನಿಂತಿದ್ದಾಗ ಅಮ್ಮ ಧೈರ್ಯ ಮಾಡಿ, ತನಗೆ ಬಹಳ ದಿನದಿಂದ ಕೇಳಬೇಕೆಂದಿದ್ದ ಒಂದು ಪ್ರಶ್ನೆ ಕೇಳಿಯೇಬಿಟ್ಟಳು. ಶಾಲೆ ಕಟ್ಟುವುದು ಯಾವಾಗ? ಪಕ್ಕಾ ಆದರೆ ಅವರಿಗೆ ಟೀಚರ್‌ಗಳು ಬೇಕಾಗಬಹುದೇ?

ಆ ಎರಡನೆಯ ಪ್ರಶ್ನೆ ನನಗೆ ಹೊಸದು. ಅಮ್ಮ ಅಲ್ಲಿಯವರೆಗೆ ಯೋಚಿಸಿದ್ದಾಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಾರ್ಜ್ ನಗಲಿಲ್ಲ. ಅಮ್ಮನ ಮುಖವನ್ನು, ಆಮೇಲೆ ಬೀದಿಯಾಚೆಯ ಖಾಲಿ ಜಾಗವನ್ನು ನೋಡಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ. ಕೊನೆಯ ಒಂದು ಪದ ಮಾತ್ರ ಅವರದೇ, ಅಲ್ಲಿನ ವಯಸ್ಸಾದವರು ಅಕ್ಕರೆಯಿಂದ ಯಾರನ್ನಾದರೂ ಕರೆಯುವ ಪದ.

“ಅದು ಕಟ್ಟೋ ಜಾಗ ಅಲ್ಲ. ಇದ್ದ ಜಾಗ. ಹೋಗಿಬಿಡ್ತು, ಲವ್.”

ಆಮೇಲೆ ಬಾಗಿಲಿಗೆ ಬೀಗ ಹಾಕಿ ನಮ್ಮನ್ನು ಹಳಿ ದಾಟಿಸಿ ಕರೆದುಕೊಂಡು ಹೋದರು. ಮುಚ್ಚಿದ ರೈಲು ನಿಲ್ದಾಣದ ಪಕ್ಕ ಒಂದು ದೊಡ್ಡ ಫಲಕವಿತ್ತು. ಸೈಲೋ ಲಾರಿಗಳ ಓಡಾಟಕ್ಕೆ ಹೆದರಿ ಅಮ್ಮ ನಮ್ಮನ್ನು ಅತ್ತ ಬಿಟ್ಟಿರಲೇ ಇಲ್ಲ. ಊರಿನ ಕಥೆಯೆಲ್ಲ ಅದರಲ್ಲಿತ್ತು. ಈ ನೆಲ ಮೊದಲು ಯಾವ ಮೂಲನಿವಾಸಿಗಳದ್ದು ಎಂಬ ಒಂದು ಸಾಲು ಕೆಳಗೆ ಬೇರೆ ಹೊಸ ತಗಡಿನಲ್ಲಿ. ಮೇಲೆ ಗಿರಣಿಗೆ ಬೆಂಕಿ ಬಿದ್ದದ್ದು, ರೈಲು ನಿಂತದ್ದು, ಬ್ಯಾಂಕು ಮುಚ್ಚಿದ್ದು, ಮಕ್ಕಳಿಲ್ಲದೆ ಶಾಲೆಯನ್ನು ಬಿಚ್ಚಿ ಮರಮುಟ್ಟನ್ನು ಬೇರೆ ಊರಿಗೆ ಸಾಗಿಸಿದ್ದು. ಅಮ್ಮ ಒಂದೊಂದೇ ಸಾಲನ್ನು ನಿಂತಲ್ಲೇ ಕನ್ನಡ ಮಾಡಿ ನಮಗೆ ಹೇಳಿದಳು, ತರಗತಿಯ ದನಿಯಲ್ಲಿ, ಎಲ್ಲೂ ತಡವರಿಸದೆ. ಮುಗಿದ ಮೇಲೆ ಮಾರ್ಜ್‌ಗೆ ಅವಳು ಕೇಳಿದ್ದು ಇಷ್ಟು: ಕಲ್ಲು ಇಟ್ಟವರು ಯಾರು, ಜಾಗ ಇದೇ ಎಂದು ಹೇಗೆ ಗೊತ್ತು? ಊರಿನವರೇ ಇಟ್ಟದ್ದು, ನೆನಪಿದ್ದವರು ಬಂದು ತೋರಿಸಿದರು ಎಂದರು ಮಾರ್ಜ್. ಎಲ್ಲರ ನೆನಪೂ ಒಂದೇ ಆಗಿರಲಿಲ್ಲ, ಜಗಳಗಳಾದವು. ಕಮ್ಮಾರಸಾಲೆಯ ಕಲ್ಲಂತೂ ಈಗಲೂ ತಪ್ಪು ಜಾಗದಲ್ಲಿದೆ. ಸರಿಯಾದ ಜಾಗದಲ್ಲಿ ಚರಂಡಿ ಬಂದದ್ದರಿಂದ ಪಕ್ಕಕ್ಕೆ ಸರಿಸಿದರು. ಅಮ್ಮನಿಗೆ ಇದು ಸರಿಬೀಳಲಿಲ್ಲ. ಕಲ್ಲಲ್ಲಿ ಬರೆದ ಮೇಲೆ ಅದು ಸುಳ್ಳಾಗಬಾರದಲ್ಲ ಎಂದಳು. ನಿಲ್ಲಲು ಎಲ್ಲಾದರೂ ಒಂದು ಜಾಗ ಬೇಕು, ಅಲ್ಲಿ ನಿಂತರೆ ಉಳಿದದ್ದನ್ನು ಕೈ ಚಾಚಿ ತೋರಿಸಬಹುದು ಎಂದರು ಮಾರ್ಜ್.

ಆ ಸಂಜೆ ಕಾರಿನಲ್ಲಿ ಅಪ್ಪನಿಗೆ ನಾನೇ ಕಥೆ ಹೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು, ತಕ್ಷಣ ನಿಲ್ಲಿಸಿದರು. ಮನೆಗೆ ಬಂದು ಅಲಾರಂಗೆ ಗಾಳಿ ಬೀಸಿ ಊಟಕ್ಕೆ ಕೂತಾಗ, ಬಹುಶಃ ಸಮಾಧಾನ ಮಾಡಲೆಂದೇ, ಮಾಡ್ಬರಿಯ ಮನೆಯ ಮಾತನ್ನು ಮತ್ತೆ ತೆಗೆದರು. ಅದರ ಹಿಂದೆ ನಿಂಬೆ ಗಿಡವಿದೆ, ಅಡುಗೆಮನೆಗೆ ದೊಡ್ಡ ಕಿಟಕಿಯಿದೆ. ಅಮ್ಮ ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಸೈಟ್ ಮಾರಿದ್ರೆ ನಾವು ಇಲ್ಲಿಯವರೇ ಆಗ್ಬಿಡ್ತೀವಿ ಕಣ್ರೀ.”

“ಇನ್ನೆಲ್ಲಿಯವರು ಮತ್ತೆ? ಇವನ ಮಾತು ಕೇಳು ಒಂದು ಸಲ.”

ಅಪ್ಪ ನಿಖಿಲನ ಕಡೆ ತಿರುಗಿ ಇನ್ನೂ ಸಾರು ಬೇಕೇನೋ ಎಂದು ಕನ್ನಡದಲ್ಲಿ ಕೇಳಿದರು. ‘ನೋ ಥ್ಯಾಂಕ್ಸ್’ ಎಂದ ಅವನು. ಅಮ್ಮನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಆ ನಗುವಿನಿಂದ ಜಗಳ ನಿಂತಿತೇ ಹೊರತು ಮುಗಿಯಲಿಲ್ಲ. ಮುಂದಿನ ಕೆಲವು ವಾರ ಅಪ್ಪ ಮಾಡ್ಬರಿ ಎಂದರೆ ಅಮ್ಮ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಅಮ್ಮ ಆ ಮನೆ ಎಂದರೆ ಅಪ್ಪ ಟಿವಿಯ ಸದ್ದು ಹೆಚ್ಚಿಸುತ್ತಿದ್ದರು. ಟ್ಯಾಲೋ ಕ್ರೀಕಿಗೆ ಮಾತ್ರ ಅಮ್ಮ ಬಿಡದೆ ಬಂದಳು. ಕಲ್ಲುಗಳ ಮುಂದೆ ಈಗ ಅವಳು ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ನಾನು ನೀಲಿ ಬಾಗಿಲು ಸೇರಿಸಿದ್ದ ಶಾಲೆಯ ಫೋಟೋ ಮಾರ್ಜ್ ಬಳಿ ಇತ್ತು. ಬಾಗಿಲು ಯಾವ ಬಣ್ಣದ್ದೆಂದು ಕಪ್ಪು ಬಿಳುಪಿನ ಫೋಟೋದಲ್ಲಿ ಗೊತ್ತಾಗುವಂತಿರಲಿಲ್ಲ. ಹಾಗಾದರೆ ನೀಲಿ ನೀನು ಸೇರಿಸಿದ್ದೋ ಇಲ್ಲವೋ ಎಂದು ಅಮ್ಮ ಕೇಳಿದಳು.

ಸುಗ್ಗಿ ಮುಗಿದು ಶನಿವಾರಗಳು ಮನೆಯಲ್ಲೇ ಕಳೆಯತೊಡಗಿದ ಮೇಲೆ ಒಂದು ಮಧ್ಯಾಹ್ನ ಅಮ್ಮ ಬಟ್ಟೆ ಒಣಹಾಕುತ್ತಿದ್ದಳು, ಎಂದರೆ ಹಾಲಿನಲ್ಲಿದ್ದಳು. ನಾನು ಮತ್ತು ನಿಖಿಲ್ ಅಡುಗೆಮನೆಯಲ್ಲಿದ್ದೆವು. ಬಿಸಿಲಿಗೆ ಹುಲ್ಲು ಹಳದಿಯಾಗಿ, ದಾರ ಅಲ್ಲಲ್ಲಿ ಜೋತುಬಿದ್ದಿತ್ತು. ಅವಳು ಕೈಯಲ್ಲಿದ್ದ ಕ್ಲಿಪ್ಪನ್ನು ಕಂಬಕ್ಕೆ ಸಿಕ್ಕಿಸಿ, ಬಾಗಿಲ ಜಾಗದಿಂದಲೇ ಸುತ್ತಿ ಬಂದು ನಮ್ಮ ಎದುರು ನಿಂತಳು. ಟ್ಯಾಲೋ ಕ್ರೀಕಿನ ಬೆಂಚಿನ ಮೇಲಿನ ದನಿ ಅದೇ.

“ಇಲ್ಲಿ ಏನಿದೆ, ಹೇಳು.”

ನಾನು ಕೆಳಗೆ ನೋಡಿದೆ. “ಹುಲ್ಲು.”

“ಇನ್ನೇನು?”

“ದಾರ. ಗೂಟ.”

“ಇನ್ನೇನು?”

“ಅಷ್ಟೇ ಅಮ್ಮ.”

ಅವಳು ಕಲಿಸಿದ್ದ ಪ್ರಕಾರ ಅದು ಸರಿಯುತ್ತರ; ಸರಿಯುತ್ತರ ಕೊಟ್ಟ ಸಮಾಧಾನವೂ ನನಗಿತ್ತು. ಅವಳು ನಿಖಿಲನ ಕಡೆ ತಿರುಗಿ ಅದನ್ನೇ ಕೇಳಿದಳು. ಅವನು ಮಣ್ಣಿನ ದೋಸೆಯಿಂದ ತಲೆಯೆತ್ತದೆ ‘ಕಿಚನ್’ ಎಂದ. ಅಮ್ಮ ನಮ್ಮಿಬ್ಬರನ್ನೂ ನೋಡಿದಳು.

“ಇಬ್ರಿಗೂ ಪೂರ್ತಿ ಮಾರ್ಕ್ಸು.”

ಎರಡೂ ಹೇಗೆ ಸರಿಯಾಗುತ್ತದೆ ಎಂದು ನಾನು ವಾದಿಸಿದ್ದು ನೆನಪಿದೆ. ಅವಳು ಹೋಗಿ ಉಳಿದ ಬಟ್ಟೆ ಹರವಿದಳು. ಆ ಸಂಜೆ ಅಪ್ಪ ಬೂಟು ಬಿಚ್ಚುತ್ತಿರುವಾಗ, ಮಾರಿಬಿಡಿ, ಆದರೆ ಮಾಡ್ಬರಿ ಮನೆಯ ಅಡುಗೆಮನೆ ನಾನು ನೋಡದೆ ಯಾವುದಕ್ಕೂ ಸಹಿ ಹಾಕಬೇಡಿ ಎಂದಳು. ಅಪ್ಪ ಒಂದು ಬೂಟು ಹಾಕಿಕೊಂಡೇ ಕೂತುಬಿಟ್ಟರು. ಗೆದ್ದವರ ಹಾಗೆ ಕಾಣಲಿಲ್ಲ. ಇನ್ನೊಂದು ವರ್ಷ ಬೇಕಾದರೆ ನೋಡೋಣ ಎಂದು ಅವರೇ ಹಿಂಜರಿದರು. ಅಮ್ಮ ಹಿಂಜರಿಯಲಿಲ್ಲ. ಕಟ್ಟದ ಜಾಗ ಯಾವ ದಿನದಿಂದ ಇದ್ದ ಜಾಗ ಆಗಿಬಿಡುತ್ತದೆ ಎನ್ನುವುದನ್ನು ಅವಳು ತನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡಿದ್ದಳೆಂದು ನನ್ನ ಊಹೆ. ಊಹೆ ಎಂದು ಒತ್ತಿ ಹೇಳುತ್ತೇನೆ. ಅವಳು ಹೇಳಿದ್ದಲ್ಲ, ನಾನು ಸೇರಿಸಿದ್ದು.

ಮಾಡ್ಬರಿಗೆ ಹೋದ ಮೊದಲ ವಾರ ಅಮ್ಮ ಗೋಡೆಗೆ ಮೊಳೆ ಹೊಡೆದಳು. ಬೇಕಾದಲ್ಲಿ, ಬೇಡವಾದಲ್ಲಿ, ಸುತ್ತಿಗೆ ಹಿಡಿದು ಕುರ್ಚಿ ಹತ್ತಿ. ತಾತನ ಫೋಟೋ ಕೊನೆಗೂ ಗೋಡೆಗೇರಿತು. ಹಿತ್ತಾಳೆಯ ಹಿಡಿಗಳು ಇಲ್ಲಿನ ಬಾಗಿಲುಗಳಿಗೆ ಹೊಂದದೆ ಅಡುಗೆಮನೆಯ ಕಪಾಟುಗಳಿಗೆ ಕೂತವು. ಸಣ್ಣ ಕಪಾಟಿಗೆ ಅಷ್ಟು ಭಾರದ ಹಿಡಿ ನೋಡಿ ಬಂದವರೆಲ್ಲ ನಗುತ್ತಾರೆ. ಬ್ಲೇರ್ ಅಥಾಲ್ ಮನೆ ಬಿಡುವ ದಿನ ದಾರವನ್ನು ಅವಳೇ ಸುತ್ತಿದಳು, ಗೂಟಗಳನ್ನು ಅಪ್ಪ ಕಿತ್ತರು. ನಾವು ಕಾರು ಹತ್ತುವಾಗ ಹುಲ್ಲಿನ ಗೋಡೆಗಳು ಹಾಗೇ ಇದ್ದವು. ಟ್ಯಾಲೋ ಕ್ರೀಕಿಗೆ ಆಮೇಲೆ ಹೋಗಲಿಲ್ಲ, ಅಪ್ಪನಿಗೆ ಬೇರೆ ಕೆಲಸ ಸಿಕ್ಕಿತು. ಮಾರ್ಜ್ ಮತ್ತು ಅಮ್ಮ ಹಲವು ವರ್ಷ ಕ್ರಿಸ್‌ಮಸ್‌ಗೆ ಕಾರ್ಡು ಕಳಿಸಿಕೊಂಡರು.

ಈಗ ನಿಖಿಲ್ ಪರ್ತ್‌ನಲ್ಲಿದ್ದಾನೆ, ನಾನು ಬ್ರಿಸ್ಬೇನಿನಲ್ಲಿ. ಕಳೆದ ಸಲ ಅಡಿಲೇಡಿಗೆ ಹೋಗಿದ್ದಾಗ ದಿನಸಿ ತರಲು ಬ್ಲೇರ್ ಅಥಾಲ್ ಕಡೆ ಹೋಗೋಣವೆಂದಳು ಅಮ್ಮ. ಅಲ್ಲಿ ಈಗ ನಮ್ಮವರ ಅಂಗಡಿಗಳು ಬೇಕಾದಷ್ಟಿವೆ. ಅವರೆಕಾಳು, ರಾಗಿಹಿಟ್ಟು, ಎಂ.ಟಿ.ಆರ್. ಡಬ್ಬಿಗಳು ಎಂದು ಚೀಲ ತುಂಬಿಸಿಕೊಂಡ ಮೇಲೆ, ಹೇಗೂ ಬಂದಿದ್ದೇವಲ್ಲ ಎಂದು ಹಳೆಯ ಬೀದಿಗೆ ಕಾರು ತಿರುಗಿಸಿದೆ. ಮನೆ ಇರಲಿಲ್ಲ. ಕೆಂಪು ಇಟ್ಟಿಗೆ, ವರಾಂಡ, ಬಟ್ಟೆಯ ಕಂಬ ಎಲ್ಲ ತೆಗೆದು ನೆಲ ಸಮ ಮಾಡಿದ್ದರು. ಸುತ್ತ ತಂತಿ ಬೇಲಿ. ಬೇಲಿಗೆ ಕಟ್ಟಿದ ಹಳದಿ ಫಲಕ. ಅಮ್ಮ ಕಾರಿಳಿದು ಕನ್ನಡಕ ಹಾಕಿಕೊಂಡು, ಫಲಕದ ದಪ್ಪಕ್ಷರವನ್ನು ನಾನು ಚಿಕ್ಕವಳಿದ್ದಾಗ ಓದುತ್ತಿದ್ದ ಹಾಗೆ ಗಟ್ಟಿಯಾಗಿ ಓದಿದಳು: ‘ಕನ್‌ಸ್ಟ್ರಕ್ಷನ್ ಸೈಟ್.’

“ನೋಡ್ದ್ಯಾ? ಇವರು ಬರ್ದಿರೋದು ನನ್ನ ಅರ್ಥದ ಸೈಟೇ. ಕಟ್ತಾರೆ ಇಲ್ಲಿ.”

ಬೇಲಿಯ ಒಂದು ಕಡೆ ಗೇಟು ತೆರೆದಿತ್ತು. ಕಿತ್ತಳೆ ಬಣ್ಣದ ಅಂಗಿಯ ಮೇಸ್ತ್ರಿಯೊಬ್ಬ ಟ್ರಕ್ಕಿನ ಮೇಲೆ ನಕ್ಷೆ ಹರವಿಕೊಂಡು ಬೇಕರಿಯ ಪೈ ತಿನ್ನುತ್ತಿದ್ದ. ಒಳಗೆ ಕಾಲಿಡಬೇಡಿ ಎಂದು ಹೇಳಬೇಕಾದವನು, ಅಮ್ಮನ ವಯಸ್ಸು ನೋಡಿಯೋ ಏನೋ, ಇಲ್ಲಿ ವಾಸವಾಗಿದ್ದಿರಾ ಎಂದು ಕೇಳಿದ. ಅಮ್ಮ ಹೂಂ ಎಂದು, ಮಣ್ಣಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಹಿಂದಕ್ಕೆ ನಡೆದಳು. ಒಂದು ಕಡೆ ನಿಂತು, ಅಕ್ಕಪಕ್ಕದ ಬೇಲಿಗಳನ್ನು ನೋಡಿ ಅಳೆದುಕೊಂಡು, ಇನ್ನೆರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಎಡಕ್ಕೆ ಕೈ ಚಾಚಿ ಹಾಲು ಎಂದಳು, ಹಿಂದಕ್ಕೆ ಚಾಚಿ ಉಗ್ರಾಣ ಎಂದಳು. ಆಮೇಲೆ ಅವನಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ, ನನ್ನ ಅಡುಗೆಮನೆ ಇಲ್ಲಿತ್ತು ಎಂದಳು.

ಅವನು ನಕ್ಷೆ ನೋಡಿದ, ಅವಳು ನಿಂತ ಜಾಗ ನೋಡಿದ. ಕೆಡವಿದವನು ಅವನೇ ಇರಬೇಕು; ಗೋಡೆ ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದು ಅವನಿಗೆ ಗೊತ್ತು. ಅದು ಹಿತ್ತಲಲ್ಲವೇ, ಅಡುಗೆಮನೆ ಅಲ್ಲಿಂದ ಮುಂದಕ್ಕೆ, ಮನೆಯೊಳಗಿತ್ತಲ್ಲ ಎಂದು ಮೃದುವಾಗಿಯೇ ಹೇಳಿದ. ಮುದುಕಿಗೆ ಮರೆವು ಎಂದು ಅವನು ಭಾವಿಸಿದ್ದು ಅವನ ದನಿಯಲ್ಲಿ ಕೇಳಿಸಿತು. ಅಮ್ಮ ಅಲ್ಲಿಂದ ಕದಲಲಿಲ್ಲ. ಅವನು ನನ್ನ ಕಡೆ ತಿರುಗಿದ, ನೀವಾದರೂ ಹೇಳಿ ಎಂಬಂತೆ.

ಹುಲ್ಲು, ದಾರ, ಗೂಟ. ನನಗೆ ಎಲ್ಲ ನೆನಪಿತ್ತು.

ಇಲ್ಲ, ಅವರು ಹೇಳಿದ್ದು ಸರಿ, ಅಡುಗೆಮನೆ ಅಲ್ಲೇ ಇತ್ತು ಎಂದೆ.

ಅವನು ಭುಜ ಕುಣಿಸಿ ಪೈಗೆ ಮರಳಿದ. ನಾವು ಕಾರಿಗೆ ಬಂದೆವು. ಅಮ್ಮ ಚಪ್ಪಲಿಯ ಮಣ್ಣನ್ನು ಬಾಗಿಲ ಅಂಚಿಗೆ ಬಡಿದು ಕೆಡವಿ, ಬೆಲ್ಟು ಹಾಕಿಕೊಂಡು, ದಿನಸಿ ಚೀಲವನ್ನು ಕಾಲ ಹತ್ತಿರ ಎಳೆದುಕೊಂಡಳು. ಕಾರು ಬೀದಿಯ ತುದಿ ಮುಟ್ಟಿದಾಗ ನನ್ನ ಕಡೆ ತಿರುಗಿದಳು.

“ಅವನಿಗೆ ಹೇಳಿದ್ಯಲ್ಲ ಈಗ. ಕಲ್ಲಲ್ಲಿ ಇದ್ದಿದ್ದೆಷ್ಟು, ನೀನು ಸೇರ್ಸಿದ್ದೆಷ್ಟು?”

“ಏನೂ ಸೇರ್ಸಿಲ್ಲ ಅಮ್ಮ.”